ಯಾರಿಗೆ ಕೊಡಬಾರದು

ನಮ್ಮ ಅತ್ತೆಗೆ ಯಾರಾದರೂ ಏನಾದರೂ ಕೊಟ್ಟರೆ ಅವರು ಮೊದಲು ಯೋಚಿಸುವುದು, ಅದನ್ನು ಇನ್ನು ಯಾರಿಗೆ ಕೊಡಬಾರದು ಎಂದು! ಜಿಪುಣತನ ಎಂದುಕೊಳ್ಳಬೇಡಿ, ಇದು ಶಿಸ್ತು. ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಜಯನಗರದಲ್ಲಿ ಮಾವನ ಜೊತೆಗೂ ಒಂದು ಬೀರು ತುಂಬ ರವಿಕೆ ಕಣಗಳ ಜೊತೆಗೂ ವಾಸವಾಗಿದ್ದಾರೆ.

ಈ ವಿಷಯದಲ್ಲಿ ಅಜ್ಞಾನಿಗಳಾದ ಗಂಡಸರಿಗಾಗಿ ಒಂದು ಮಾತು. ಗೌರಿಹಬ್ಬವೋ ವರಮಹಾಲಕ್ಷ್ಮಿಯೋ ಗೃಹಪ್ರವೇಶವೋ, ಕುಂಕುಮಕ್ಕೆ ಬಂದ ಹೆಂಗಸರಿಗೆ ಎಲೆ, ಅಡಿಕೆ, ಬಾಳೆಹಣ್ಣುಗಳ ಜೊತೆ ರವಿಕೆಯ ಬಟ್ಟೆಯೊಂದನ್ನು ಕೊಟ್ಟು ಕಳಿಸಬೇಕು. ಅದೇ ಕಣ. ಬಾಳೆಹಣ್ಣನ್ನು ತಿನ್ನುತ್ತಾರೆ. ಕಣವನ್ನು ಮಾತ್ರ ಯಾರೂ ಹೊಲಿಸುವುದಿಲ್ಲ. ಮಡಿಕೆ ಬಿಚ್ಚದೆ ಬೀರುವಿನಲ್ಲಿಟ್ಟು, ಮುಂದಿನ ಹಬ್ಬದಲ್ಲಿ ಇನ್ನೊಬ್ಬರಿಗೆ ದಾಟಿಸುತ್ತಾರೆ.

"ಇದು ಫಿಸಿಕ್ಸ್ ಕಣೋ," ಎನ್ನುತ್ತಾರೆ ಅತ್ತೆ. "ಹೊಸದಾಗಿ ಹುಟ್ಟೋದೂ ಇಲ್ಲ, ನಾಶ ಆಗೋದೂ ಇಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತೆ, ಅಷ್ಟೇ."

ಹೋಗಲಿ, ಯಾರು ಬೇಡ ಎಂದರು? ಆದರೆ ಈ ಸಂಚಾರಕ್ಕೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮವಿದೆ. ಕೊಟ್ಟವರ ಕೈಗೇ ಅದು ಮರಳಬಾರದು. ಮರಳಿದರೆ? "ನಿಮ್ಮದನ್ನು ನಾನು ಬಿಚ್ಚಿಯೂ ನೋಡಲಿಲ್ಲ" ಎಂದು ಬಾಯಿಬಿಟ್ಟು ಹೇಳಿದಂತೆ! ಆದ್ದರಿಂದ ಅತ್ತೆ ನನ್ನನ್ನು ಕರೆಸಿದರು. ಒಮ್ಮೆ ಅವರ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ನಾನು ಎಳೆದು ತೆಗೆದಿದ್ದೆ. ಅಂದಿನಿಂದ ನಮ್ಮ ಬಳಗಕ್ಕೆ ನಾನೇ ಕಂಪ್ಯೂಟರ್ ತಜ್ಞ.

"ಯಾವ ಬಣ್ಣ, ಯಾರು ಕೊಟ್ಟಿದ್ದು, ಯಾರಿಗೆ ಕೊಡಬಾರದು. ಇಷ್ಟು ಬರೆದಿಡೋಕೆ ಸಿಂಪಲ್ ಆಗಿರೋದು ಏನಾದ್ರೂ ಹುಡುಕಿಕೊಡು."

"ಅತ್ತೆ, ಒಂದೊಂದಕ್ಕೂ ಒಂದು ಚೀಟಿ ಸಿಕ್ಕಿಸಿಟ್ರೆ ಆಯ್ತಲ್ಲ?"

ಮಾವ ಪೇಪರಿನ ಹಿಂದಿನಿಂದ, "ಆ ವಿಷಯ ಎತ್ತಬೇಡಪ್ಪ" ಎಂದರು.

ಎತ್ತಬಾರದ ವಿಷಯವನ್ನು ಅತ್ತೆಯೇ ಎತ್ತಿದರು. ಪಕ್ಕದ ಮನೆಯಲ್ಲಿ ವಿಮಲಾ ಎಂಬವರಿದ್ದರು. ಇಬ್ಬರ ಮನೆಗಳ ನಡುವೆ ಒಂದು ಕಾಂಪೌಂಡ್ ಗೋಡೆ, ಅದರ ಮೇಲೆ ದಿನಕ್ಕೆರಡು ಬಾರಿ ಹುಳಿಯ ಬಟ್ಟಲು. ಈ ವಿಮಲಾ ಒಮ್ಮೆ ಅಂಗಡಿ ಅಂಗಡಿ ಸುತ್ತಿ, ಅತ್ತೆಗೆಂದೇ ಹೊಸ ಕಣ ಆರಿಸಿ ತಂದರು. ಬದನೆಕಾಯಿ ಬಣ್ಣ, ಸಾಸಿವೆ ಬಣ್ಣದ ಅಂಚು. ಅತ್ತೆ ಅದರ ಮಡಿಕೆಯೊಳಗೆ ಗುಂಡುಪಿನ್ನಿನಿಂದ ಚೀಟಿ ಸಿಕ್ಕಿಸಿಟ್ಟರು: "ವಿಮಲಾ ಕೊಟ್ಟಿದ್ದು. ಬಣ್ಣ ಚೆನ್ನಾಗಿಲ್ಲ. ದಾಟಿಸುವುದು." ಮುಂದಿನ ಗೌರಿಹಬ್ಬದ ನೂಕುನುಗ್ಗಲಿನಲ್ಲಿ ಅದನ್ನು ತೆಗೆದು ಕೊಟ್ಟದ್ದು ಯಾರಿಗೆ? ವಿಮಲಾಗೆ! ಚೀಟಿಯ ಸಮೇತ!

ಅದಾಗಿ ಸ್ವಲ್ಪ ದಿನಕ್ಕೆ ವಿಮಲಾ ಪುಟ್ಟೇನಹಳ್ಳಿಯ ಅಪಾರ್ಟ್‌ಮೆಂಟಿಗೆ ಮನೆ ಬದಲಾಯಿಸಿದರು. ಬರುವುದು ನಿಂತಿತು. ಫೋನೂ ನಿಂತಿತು. ಕೇಳಲು ಅತ್ತೆಗೆ ಬಾಯಿ ಬರಲಿಲ್ಲ.

ನಾನು ಈ ಕಥೆಯನ್ನು ಹಲವು ಬಾರಿ ಕೇಳಿದ್ದೇನೆ, ನಂಬುವುದು ಮಾತ್ರ ಅಷ್ಟಕ್ಕಷ್ಟೆ. ಮೊದಲ ಸಲ ಕೇಳಿದಾಗ ಚೀಟಿಯಲ್ಲಿ ಇದ್ದದ್ದು ಬರೀ "ವಿಮಲಾ" ಎಂಬ ಹೆಸರು. ಆಮೇಲೆ "ದಾಟಿಸುವುದು" ಸೇರಿತು. "ಬಣ್ಣ ಚೆನ್ನಾಗಿಲ್ಲ" ಬಂದದ್ದು ಇತ್ತೀಚೆಗೆ. ಮಾವ ಅದು ಗೌರಿಹಬ್ಬವೇ ಅಲ್ಲ, ಗೊಂಬೆ ಹಬ್ಬ ಎನ್ನುತ್ತಾರೆ. ಜನ ನೆನಪಿನಲ್ಲಿ ತಮ್ಮ ತಪ್ಪುಗಳನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ ಎಂದು ಕೇಳಿದ್ದೆ. ಅತ್ತೆ ವರ್ಷವರ್ಷವೂ ತಮ್ಮ ತಪ್ಪಿಗೆ ಒಂದೊಂದು ಸಾಲು ಸೇರಿಸುತ್ತಿದ್ದರು.

ಇರಲಿ. ಮೊದಲು ನಾನು ಅವರ ಲ್ಯಾಪ್‌ಟಾಪಿನಲ್ಲಿ ಸ್ಪ್ರೆಡ್‌ಶೀಟ್ ತೆರೆದುಕೊಟ್ಟೆ. ಒಂದು ಸಾಲಿಗೆ ಒಂದು ಕಣ. ಅತ್ತೆ ಇಡೀ ವಾರ ಕನ್ನಡಕ ಒರೆಸಿಕೊಳ್ಳುತ್ತ ಬೀರುವನ್ನೆಲ್ಲ ಅದಕ್ಕೆ ಇಳಿಸಿದರು. ಹಸಿರೆಂದರೆ ಒಂದೇ ಹಸಿರೇ? ಗಿಳಿ ಹಸಿರು, ಮಾವಿನೆಲೆ ಹಸಿರು, ಪಾಚಿ ಹಸಿರು! ಎಲ್ಲ ಮುಗಿದ ಮೇಲೆ ಹೆಸರುಗಳು ಅಕಾರಾದಿಯಾಗಿ ಇರಲೆಂದು ಆ ಒಂದು ಕಾಲಂ ಹಿಡಿದು ಜೋಡಿಸಿದರು. ಯಂತ್ರ "ಇದೊಂದನ್ನೇ ಜೋಡಿಸಲೇ?" ಎಂದು ಕೇಳಿತಂತೆ. ಇವರು ಹೂಂ ಎಂದರಂತೆ. ಹೆಸರುಗಳು ಸಾಲಾಗಿ ನಿಂತವು, ಬಣ್ಣಗಳು ಇದ್ದಲ್ಲೇ ಉಳಿದವು. ಜಯನಗರದ ಯಾವ ಕಣವೂ ಯಾರದೂ ಅಲ್ಲದಂತಾಯಿತು!

ಮಾವ ತೆರೆ ನೋಡಿ ತಲೆದೂಗಿದರು. "ನೀವು ಹೆಂಗಸರೆಲ್ಲ ಸೇರಿ ಇಷ್ಟು ವರ್ಷ ಕಷ್ಟಪಟ್ಟು ಮಾಡಿದ್ದನ್ನ ಒಂದೇ ಸೆಕೆಂಡಲ್ಲಿ ಮಾಡಿಬಿಡ್ತಲ್ಲೇ ಇದು!"

ಎರಡನೆಯದು ಅಂಗಡಿಯವರಿಗಾಗಿ ಮಾಡಿದ ಆ್ಯಪ್. ಬಟ್ಟೆಯ ಫೋಟೋ ಹಾಕಬಹುದು ಎಂಬ ಆಸೆಗೆ ನಾನೇ ತಂದುಕೊಟ್ಟೆ. ಅದು ಅಂಗಡಿಯ ಹೆಸರು ಕೇಳಿತು. ಅತ್ತೆ ತಮ್ಮ ಹೆಸರನ್ನೇ ತುಂಬಿದರು. ಗ್ರಾಹಕರ ಹೆಸರು, ಫೋನ್ ನಂಬರು, ಕೊನೆಯ ಭೇಟಿ ಎಂದಿತು. ವಿಜ್ಞಾನದ ಟೀಚರಲ್ಲವೇ, ಖಾಲಿ ಬಿಡುವ ಅಭ್ಯಾಸವಿಲ್ಲ. ಎಲ್ಲರನ್ನೂ ತುಂಬಿದರು. ಮೊದಲ ಹೆಸರು ವಿಮಲಾರದು.

ಒಂದು ಬೆಳಿಗ್ಗೆ ಆ ಆ್ಯಪ್ ತನ್ನಷ್ಟಕ್ಕೇ ಎಲ್ಲ ಗ್ರಾಹಕರಿಗೂ ವಾಟ್ಸಾಪ್ ಕಳಿಸಿತು: "ನೀವು ನಮ್ಮಲ್ಲಿಗೆ ಬಂದು ಬಹಳ ದಿನವಾಯಿತು. ದಯವಿಟ್ಟು ಮತ್ತೆ ಬನ್ನಿ." ಕೆಳಗೆ ಅತ್ತೆಯ ಹೆಸರು.

ಅಡುಗೆ ಮುಗಿಯುವ ಮೊದಲೇ ಹಿಂದಿನ ರಸ್ತೆಯ ಹೆಂಗಸೊಬ್ಬರು ಗೇಟು ತೆಗೆದರು. "ಏನ್ ಮೇಡಂ, ಮನೇಲೇ ಬಟ್ಟೆ ವ್ಯಾಪಾರ ಶುರು ಮಾಡಿದೀರಂತೆ! ನಮಗೆಲ್ಲ ಡಿಸ್ಕೌಂಟ್ ಇದ್ಯಾ?"

"ಫ್ರೀಯಾಗೇ ಕೊಡ್ತಾಳೆ ಬನ್ನಿ," ಎಂದರು ಮಾವ. "ನೀವೇ ಕೊಟ್ಟಿರೋದು ಒಂದು ಬಿಟ್ಟು."

ಅವರನ್ನು ಸಾಗಹಾಕಿ ಒಳಗೆ ಬಂದ ಅತ್ತೆ ನನಗೆ ಫೋನ್ ಮಾಡಿದರು. ಬೈಗುಳಕ್ಕೆ ಸಿದ್ಧನಾದೆ. ಆದರೆ ಅವರು ಕೇಳಿದ್ದು ಒಂದೇ: "ಪುಟ್ಟೇನಹಳ್ಳಿಗೂ ಹೋಯ್ತೇನೋ?"

ಸಂಜೆ ಹೋಗಿ ನೋಡಿದೆ. ಹೋಗಿತ್ತು. ಓದಿದ್ದೂ ಆಗಿತ್ತು, ಎರಡು ನೀಲಿ ಗೆರೆ ಮೂಡಿದ್ದವು. ಉತ್ತರ ಇರಲಿಲ್ಲ. ಮರುದಿನವೂ ಇಲ್ಲ. ಅತ್ತೆ ಆ್ಯಪನ್ನು ತೆಗೆಸಿಹಾಕಿದರು. "ಅಷ್ಟಾದ ಮೇಲೆ ಅವರಾದ್ರೂ ಯಾಕೆ ಬರ್ತಾರೆ ಬಿಡು," ಎಂದು ತಮಗೆ ತಾವೇ ಹೇಳಿಕೊಂಡು ಹುರುಳಿಕಾಯಿ ಹೆಚ್ಚತೊಡಗಿದರು. ಆ ಹುರುಳಿಕಾಯಿಯನ್ನು ನೀವು ನೋಡಬೇಕಿತ್ತು, ಸಾಸಿವೆಯಷ್ಟು ಸಣ್ಣ!

ಕೊನೆಗೆ ನಾನು ಬಿಟಿಎಂ ಲೇಔಟಿನ ಗೆಳೆಯನೊಬ್ಬನ ಕಾಲಿಗೆ ಬಿದ್ದೆ. ಅವನು ಸಾಫ್ಟ್‌ವೇರಿನವನು. ಜಯನಗರಕ್ಕೇ ಬಂದು, ಎಲ್ಲ ಕೇಳಿಸಿಕೊಂಡು, ಗಂಭೀರನಾದ.

"ಗುರು, ಸಖತ್ ಪ್ರಾಬ್ಲಂ ಇದು. ಆಂಟಿ, ಲಾಗಿನ್, ಪಾಸ್‌ವರ್ಡ್ ಎಲ್ಲ ಇಡೋಣ್ವಾ?"

"ನನ್ನ ಬೀರುಗೇ ಬೀಗ ಇಲ್ಲಪ್ಪ."

"ರಿಪೋರ್ಟ್? ಗ್ರಾಫ್?"

"ನಾಲ್ಕು ಖಾನೆ. ದಪ್ಪ ಅಕ್ಷರ. ಕೆಳಗೊಂದು ಗುಂಡಿ. ಉಳಿದಿದ್ದು ಏನಿದ್ರೂ ನೀನೇ ಇಟ್ಕೊ."

ಅವನು ಎರಡು ಲೋಟ ಕಾಫಿಗೆ ಅದನ್ನು ಮಾಡಿಕೊಟ್ಟ. ಬಣ್ಣ. ಕೊಟ್ಟವರು. ಯಾವಾಗ. ಯಾರಿಗೆ ಕೊಡಬಾರದು. ಅಷ್ಟೇ! ಇಷ್ಟು ದಿನ ನಾನು ಊರೆಲ್ಲ ಹುಡುಕಿದ್ದು ಇದನ್ನೇ. ನಾಲ್ಕನೆಯ ಖಾನೆ ತುಂಬದಿದ್ದರೆ ಅದು ಮುಂದಕ್ಕೆ ಬಿಡುತ್ತಿರಲಿಲ್ಲ. ಅತ್ತೆಗೆ ಅದೇ ಬಹಳ ಹಿಡಿಸಿತು.

ಕೆಲವು ವಾರಗಳ ನಂತರ, ಶುಕ್ರವಾರ ಎಂದು ನನ್ನ ನೆನಪು, ನಾನು ಅಲ್ಲಿದ್ದಾಗಲೇ ಗೇಟಿನ ಸದ್ದಾಯಿತು. ಸೆರಗನ್ನು ಎರಡೂ ಭುಜಕ್ಕೆ ಹೊದ್ದು, ಕೈಯಲ್ಲೊಂದು ಚೀಲ ಹಿಡಿದು ವಿಮಲಾ ನಿಂತಿದ್ದರು.

"ಏನ್ರೀ, ಮತ್ತೆ ಬನ್ನಿ ಅಂತ ಬರೆದು ಬಾಗಿಲು ಹಾಕ್ಕೊಂಡು ಕೂತಿದೀರಲ್ಲ!"

ಅತ್ತೆ ಬಾಗಿಲು ತೆಗೆದರು. ತೆಗೆದು ಅಲ್ಲೇ ನಿಂತರು. "ಬನ್ನಿ" ಎನ್ನಲೂ ಹೊಳೆಯಲಿಲ್ಲ, ಅದನ್ನು ಮಾವ ಅಂದರು.

"ಮೆಸೇಜ್ ನೋಡಿದ ದಿನವೇ ಹೊರಟಿದ್ದೆ ಕಣ್ರೀ. ಆಮೇಲೆ ಏನೋ ಅನ್ನಿಸಿ ಕೂತ್ಕೊಂಡೆ. ಒಳ್ಳೆ ಅಂಗಡಿಯವರ ಥರ ಬರೆದಿದೀರಿ, ದಯವಿಟ್ಟು ಅಂತೆ!"

ಮಾವ "ಅದು ಏನಾಯ್ತು ಅಂದ್ರೆ" ಎಂದು ಶುರು ಮಾಡಿದರು. ಅತ್ತೆ ಒಮ್ಮೆ ನೋಡಿದರು. ಮಾವ ಪೇಪರಿನ ಹಿಂದೆ ಹೋದರು.

ಕಾಫಿ ಆಯಿತು. ಪುಟ್ಟೇನಹಳ್ಳಿ ಕೆರೆಯ ವಾಕಿಂಗ್, ಮಂಡಿನೋವು, ಲಿಫ್ಟು ಕೆಟ್ಟದ್ದು, ಎಲ್ಲ ಆಯಿತು. ಅತ್ತೆ ಲೋಟವನ್ನು ಕೆಳಗಿಡದೆಯೇ ಹೇಳಿಬಿಟ್ಟರು. "ವಿಮಲಾ, ಅವತ್ತು ಕಣದೊಳಗೆ ಒಂದು ಚೀಟಿ ಇತ್ತು."

"ಯಾವ ಚೀಟಿ?"

"ನೀವು ಕೊಟ್ಟಿದ್ದ ಕಣ. ನಾನು ನಿಮಗೇ ವಾಪಸ್ ಕೊಟ್ಬಿಟ್ಟೆ."

"ಹೌದಾ? ನಾನೆಲ್ಲಿ ಬಿಚ್ಚಿ ನೋಡಿದೆ! ಮಡಿಕೆ ಸಮೇತ ಹಂಗೇ ಯಾರಿಗೋ ದಾಟಿಸಿರ್ತೀನಿ. ಅದೆಲ್ಲ ಯಾರಿಗೆ ನೆನಪಿರುತ್ತೆ, ಬಿಡ್ರೀ."

"ಹಾಗಾದ್ರೆ ಆ ಚೀಟಿ ಇನ್ನೂ ಊರು ಸುತ್ತುತ್ತಾ ಇದೆ!" ಎಂದರು ಮಾವ. ಎಲ್ಲರೂ ನಕ್ಕೆವು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹೊರಡುವಾಗ ಅತ್ತೆ ಕುಂಕುಮವಿಟ್ಟು ತಾಂಬೂಲ ತಂದರು. ವಿಮಲಾ ಅದನ್ನು ತೆಗೆದುಕೊಳ್ಳಲು, ಬಂದಾಗಿನಿಂದ ಬಿಗಿಯಾಗಿ ಹೊದ್ದಿದ್ದ ಸೆರಗನ್ನು ಬಿಡಿಸಿ ಮುಂದಕ್ಕೆ ಒಡ್ಡಿದರು. ತೋಳು ಕಂಡಿತು. ತೊಟ್ಟು ತೊಟ್ಟು ಮಾಸಿದ ಬದನೆಕಾಯಿ ಬಣ್ಣದ ರವಿಕೆ, ತೋಳಿನ ತುದಿಯಲ್ಲಿ ಸಾಸಿವೆ ಬಣ್ಣದ ಅಂಚು.

ಅದೇ ಬಟ್ಟೆಯೇ? ನಾನು ಆಣೆ ಮಾಡಲಾರೆ. ಆ ಬಣ್ಣದ ಕಣಗಳು ಊರಲ್ಲಿ ಇನ್ನಷ್ಟು ಇದ್ದಾವು. ಇಷ್ಟು ಮಾತ್ರ ಹೇಳಬಲ್ಲೆ. ಹೊಲಿಸಬೇಕಾದರೆ ಮಡಿಕೆ ಬಿಚ್ಚಲೇಬೇಕು. ಬಿಚ್ಚಿದರೆ ಚೀಟಿ ಸಿಗಲೇಬೇಕು. ಅತ್ತೆ ಆ ತೋಳನ್ನು ನೋಡಿದರು. ನೋಡಿದ್ದನ್ನು ವಿಮಲಾ ನೋಡಿದರು. ತಾಂಬೂಲ ಸೆರಗಿಗೆ ಬಿತ್ತು.

ವಿಮಲಾ ಚೀಲದಿಂದ ಹೊಸ ಕಣವೊಂದನ್ನು ತೆಗೆದು ಅತ್ತೆಯ ಕೈಗಿಟ್ಟು ಆಟೋ ಹತ್ತಿದರು. ಬಿಚ್ಚಿ ನೋಡಿದೆವು. ಕುಂಬಳಕಾಯಿ ಬಣ್ಣ, ಗಿಳಿ ಹಸಿರಿನ ಅಂಚು!

"ಬಣ್ಣ ಹೇಗಿದೆ?" ಎಂದು ಮಾವ ಹುಷಾರಾಗಿ ಕೇಳಿದರು.

"ಚೆನ್ನಾಗಿದೆ," ಎಂದರು ಅತ್ತೆ, ಲ್ಯಾಪ್‌ಟಾಪ್ ತೆರೆಯುತ್ತ.

ಒಂದೇ ಬೆರಳಿನಲ್ಲಿ ಬಣ್ಣ ತುಂಬಿದರು. ಕೊಟ್ಟವರು, ವಿಮಲಾ. ಯಾವಾಗ, ಇವತ್ತು. ನಾಲ್ಕನೆಯ ಖಾನೆಗೆ ಬಂದು ಬೆರಳು ನಿಂತಿತು.

"ಅಲ್ಲೂ ವಿಮಲಾ ಅಂತಲೇ ಹಾಕಿ ಅತ್ತೆ," ಎಂದೆ.

ಅವರು "ಯಾರಿಗೂ" ಎಂದು ಬರೆದು ಗುಂಡಿ ಒತ್ತಿದರು. ಆಮೇಲೆ ಕಣವನ್ನು ಮಡಚದೆ ಹಾಗೇ ಹೆಗಲ ಮೇಲೆ ಹಾಕಿಕೊಂಡು ಕೇಳಿದರು:

"ಆ ಮೂಲೆ ಟೈಲರು ಇವತ್ತು ಅಂಗಡಿ ತೆಗೆದಿರ್ತಾನೇನೋ? ಹೊಲಿಸಿ ಎಷ್ಟೋ ವರ್ಷ ಆಯ್ತು, ಅಳತೆ ಹೊಸದಾಗೇ ಕೊಡ್ಬೇಕು."