ಹದಿಮೂರು ವರ್ಷದ ಅಕ್ಕನಿಗೆ ಅಮ್ಮನ ಒಪ್ಪಿಗೆ

ರಾಬರ್ಟ್‌ಸನ್‌ಪೇಟೆಯಲ್ಲಿ ಪಹಣಿ, ಆಧಾರ್, ಅರ್ಜಿ ಅಂತ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವರಿಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಒಂದು ಹೊಸ ನಿಯಮ ಬಂದರೆ ಸಾಕು, ತಿಂಗಳಿಗಾಗುವಷ್ಟು ನಗು ತಾನಾಗಿ ಬಸ್ಸಿಳಿದು ಬರುತ್ತದೆ. ಈ ಸಲ ಬಂದದ್ದು ಮೊಬೈಲ್ ಆಟಗಳಿಗೆ ವಯಸ್ಸು ಕೇಳುವ ನಿಯಮ. ಹದಿನೆಂಟು ತುಂಬದವರು ಆಡಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು.

೧. ಅರ್ಧಕ್ಕೇ ನಿಂತ ಇಸವಿ

ಬೂದಿಕೋಟೆಯಿಂದ ಒಬ್ಬ ಅಕ್ಕ ಬಂದರು. ವಯಸ್ಸು ಅರವತ್ತನಾಲ್ಕು, ಎರಡು ಹಸು ಸಾಕಿದ್ದಾರೆ. ಹುಬ್ಬಳ್ಳಿಗೆ ಕೊಟ್ಟ ತಂಗಿಗೆ ಮಂಡಿನೋವು, ಇವರಿಗೆ ಹಸು ಬಿಟ್ಟು ಹೊರಡಲಾಗದು. ಹಾಗಾಗಿ ಇಬ್ಬರೂ ದಿನಾ ಮಧ್ಯಾಹ್ನ ಫೋನಿನಲ್ಲೇ ಚೌಕಾಬಾರ ಆಡುತ್ತಾರೆ, ಆಡುತ್ತಾ ಮಾತಾಡುತ್ತಾರೆ. ಅಕ್ಕತಂಗಿ ಸೇರುವುದು ಅಂದರೆ ಈಗ ಅಷ್ಟೇ.

“ನೋಡು ತಮ್ಮಾ, ಏಳು ದಿನಕ್ಕೆ ಆಟ ಬಂದ್ ಅಂತೈತೆ. ನಾನೇನ್ ತಪ್ ಮಾಡಿವ್ನಿ?”

ತಪ್ಪು ಮಾಡಿದ್ದು ನಾನು. ಅವರ ಖಾತೆ ತೆರೆದ ದಿನ ಅಂಗಡಿಯಲ್ಲಿ ಪಹಣಿಯವರ ಸಾಲು. ಹುಟ್ಟಿದ ದಿನ ಗೊತ್ತಿಲ್ಲ ಅಂದರು. ನಮ್ಮ ವಾಡಿಕೆಯಂತೆ ಜನವರಿ ಒಂದು ಹಾಕಿದೆ. ಇಸವಿಯನ್ನು ಅರವತ್ತು ವರ್ಷ ಹಿಂದಕ್ಕೆ ಉರುಳಿಸುವಷ್ಟು ಪುರುಸೊತ್ತಿರಲಿಲ್ಲ, ನಡುವೆಯೇ ಬಿಟ್ಟೆ.

“ಅಕ್ಕಾ, ಫೋನಿನ ಲೆಕ್ಕದಲ್ಲಿ ನಿಮಗೀಗ ಹದಿಮೂರು” ಅಂದೆ.

ಅಕ್ಕ ಸ್ವಲ್ಪ ಯೋಚಿಸಿದರು. “ಅದ್ಕೇ ಇರ್ಬೇಕು, ಮಂಡಿನೋವು ಚಿಕ್ಕೋಳಿಗೆ ಬಂತು, ನಂಗೆ ಬರ್ಲಿಲ್ಲ.”

೨. ಮಿಷನ್ನಿಗೂ ಅನುಮಾನ

ಅವರ ಆಧಾರ್ ಕಳಿಸಿದೆ. ಪರಿಶೀಲನೆಗೆ ಹದಿನೈದು ದಿನ ಅಂತ ಉತ್ತರ ಬಂತು. ಆಟ ನಿಲ್ಲುವುದು ಏಳಕ್ಕೆ! ಇನ್ನೊಂದು ದಾರಿ ಇತ್ತು: ಕ್ಯಾಮೆರಾಕ್ಕೆ ಮುಖ ತೋರಿಸಿದರೆ ಅದೇ ವಯಸ್ಸು ಅಂದಾಜು ಮಾಡುತ್ತದೆ. “ನಾಳೆ ಬನ್ನಿ, ಫೋಟೋ ಹಿಡಿಯಬೇಕು” ಅಂದೆ.

ಫೋಟೋ ಅಂದದ್ದೇ ನನ್ನ ಎರಡನೇ ತಪ್ಪು. ಮಾರನೇ ದಿನ ಅಕ್ಕ ತಲೆಗೆ ಕಪ್ಪು ಬಣ್ಣ ಹಚ್ಚಿ, ಮುಖಕ್ಕೆ ಪೌಡರು ಬಳಿದು, ಮದುವೆಗೆ ಉಡುವ ರೇಷ್ಮೆ ಸೀರೆಯಲ್ಲಿ ಬಂದರು. ಕ್ಯಾಮೆರಾ ಮೂರು ಸಲ ನೋಡಿ ‘ವಯಸ್ಸು ಖಚಿತವಾಗಲಿಲ್ಲ’ ಅಂದುಬಿಟ್ಟಿತು. ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಅಕ್ಕ ಆಗಲೇ ಪಕ್ಕದ ಬಳೆ ಅಂಗಡಿಯಾಕೆಗೆ ಹೇಳುತ್ತಿದ್ದರು: “ಮಿಷನ್ಗೇ ಗೊತ್ತಾಗ್ಲಿಲ್ಲ ಕಣಮ್ಮಾ ನನ್ ವಯಸ್ಸು!”

೩. ಹೆತ್ತವರ ಸಹಿ

ಉಳಿದದ್ದು ಹೆತ್ತವರ ಒಪ್ಪಿಗೆ ಒಂದೇ. “ಅಮ್ಮ ಇದಾರಾ ಅಕ್ಕಾ?” ಅಂತ ಅಳುಕುತ್ತಲೇ ಕೇಳಿದೆ.

“ಮನೇಲೇ ಅವ್ಳೆ. ಕರ್ಕೊಂಡ್ ಬತ್ತೀನಿ.”

ಏಳನೇ ದಿನ ಎಂಬತ್ತೈದರ ಅಮ್ಮ ಬಂಗಾರಪೇಟೆಯಲ್ಲಿ ಬಸ್ಸು ಬದಲಿಸಿ, ಮೊಮ್ಮಗ ಕೊಟ್ಟ ಹಳೇ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಒಪ್ಪಿಗೆ ಹೆತ್ತವರ ಫೋನಿನಿಂದಲೇ ಹೋಗಬೇಕು, ಅದರಲ್ಲಿ ಅವರ ಆಧಾರ್ ಹಾಕಿದೆ. ಎಪ್ಪತ್ತೆರಡರಲ್ಲಿ ಹೆತ್ತವರು ಅಂತಾಯಿತು. ಯಂತ್ರ ಒಂದು ಪ್ರಶ್ನೆಯನ್ನೂ ಕೇಳದೆ ಒಪ್ಪಿಕೊಂಡಿತು!

“ಮಗು ದಿನಕ್ಕೆ ಎಷ್ಟು ಹೊತ್ತು ಆಡಬಹುದು ಅಂತ ಕೇಳ್ತಿದೆ ಅಜ್ಜಿ.”

“ಅರ್ಧ ಗಂಟೆ.”

“ಒಂದ್ ಗಂಟೆ ಮಾಡಮ್ಮಾ...” ಅಕ್ಕನ ದನಿ ನಿಜಕ್ಕೂ ಹದಿಮೂರಕ್ಕೆ ಇಳಿದಿತ್ತು.

“ಸಗಣಿ ಬಾಚೋರ್ಯಾರು, ನಾನಾ? ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ ಕಣ್ಲೇ.”

ನಾನು ಹಾಗೇ ಹಾಕಿದೆ. ಆಟ ಉಳಿಯಿತು. ಅಕ್ಕ ಮುಖ ಊದಿಸಿಕೊಂಡೇ ಬಸ್ಸು ಹತ್ತಿದರು.

ಮುಂದಿನ ವಾರ ಆಧಾರ್ ಪರಿಶೀಲನೆ ಮುಗಿಯಿತು. ಅಕ್ಕನಿಗೆ ಮತ್ತೆ ಅರವತ್ತನಾಲ್ಕು. ಇನ್ನು ಅಮ್ಮನ ಹಂಗಿಲ್ಲ, ಅರ್ಧ ಗಂಟೆಯ ಕಟ್ಟನ್ನು ತೆಗೆದುಹಾಕಬಹುದು. ನನ್ನ ತಪ್ಪು ತೊಳೆದುಹೋಯಿತಲ್ಲ ಅಂತ ಖುಷಿಯಿಂದ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಹಾಲು ಕರೆಯುತ್ತಿದ್ದರಂತೆ, ಎತ್ತಿದ್ದು ಅಜ್ಜಿ. ವಿಷಯ ಕೇಳಿದ್ದೇ ದನಿ ತಗ್ಗಿಸಿದರು.

“ಅದನ್ನ ತೆಗೀಬೇಡ ಕಣಪ್ಪಾ, ಇವ್ಳಿಗೂ ಹೇಳ್ಬೇಡ. ಇಷ್ಟ್ ವರ್ಷ ಚಿಕ್ಕೋಳ ಜೊತೆ ಇವ್ಳೇ ಮಾತಾಡಿ ಮುಗಿಸ್ಬಿಡೋಳು, ನನ್ ಸರದೀನೇ ಬರ್ತಿರ್ಲಿಲ್ಲ. ಈಗ ಅರ್ಧ ಗಂಟೆಗೆ ಇವ್ಳ ಆಟ ನಿಂತೋಗ್ತದೆ. ಆಮೇಲೆ ನನ್ ಫೋನಿನಾಗೆ ಚಿಕ್ಕೋಳ ಜೊತೆ ನಾನ್ ಆಡ್ತೀನಿ!”