ಎಂಬತ್ತನಾಲ್ಕು ಅರಾಜಕತೆಗಳು

ಕೆಳ ಕೆನಡಾ ಪ್ರಾಂತ್ಯದಲ್ಲಿ ದಂಗೆ ಸಂಪೂರ್ಣವಾಗಿ ಅಡಗಿದ ಮೇಲೆ, ಜನರು ಆರಿಸಿದ ಶಾಸನಸಭೆಯನ್ನು ಅಮಾನತಿನಲ್ಲಿ ಇಡಲಾಯಿತು. ಸದಸ್ಯರಲ್ಲಿ ಕೆಲವರು ಸೆರೆಮನೆಯಲ್ಲಿ, ಕೆಲವರು ಗಡಿಯಾಚೆ ಇದ್ದುದರಿಂದ ಕೋರಂ ಕಷ್ಟವೆಂದು ಕಾರಣ ಕೊಡಲಾಗಿತ್ತು. ಅದರ ಬದಲಿಗೆ ಗವರ್ನರ್ ಸಾಹೇಬರು ತಮಗೆ ಪರಿಚಯವಿದ್ದ ಮಹನೀಯರ ಮಂಡಳಿಯೊಂದನ್ನು ನೇಮಿಸಿದರು. ಮಂಡಳಿಗೆ ಕಾನೂನು ಮಾಡುವ ಅಧಿಕಾರವಿತ್ತು. ಜನರ ಅಭಿಪ್ರಾಯ ಕೇಳುವ ಶ್ರಮವಿರಲಿಲ್ಲ.

ಆ ಚಳಿಗಾಲದಲ್ಲಿ ನಾನು ಮಂಡಳಿಗೆ ಒಂದು ಅರ್ಜಿ ಬರೆದೆ. ಶಾಲೆಗಳ ಕಾನೂನಿನ ಅವಧಿ ತೀರಿ ನನ್ನ ಶಾಲೆ ಮುಚ್ಚಿತ್ತು, ಬರೆಯಲು ಸಮಯವಿತ್ತು. ನಮ್ಮ ಗೊದೆಲೀನ್ ಹಳ್ಳಿಯಿಂದ ಚರ್ಚಿಗೆ ನಾಲ್ಕು ಮೈಲಿ. ಹಿಮ ಬಿದ್ದ ಮೇಲೆ ನಮ್ಮ ತಗ್ಗಿನ ಜಾರುಬಂಡಿಗಳು ಓಡಾಡಿ ಓಡಾಡಿ ದಾರಿಯುದ್ದಕ್ಕೂ ದಿಣ್ಣೆಗಳೇಳುತ್ತವೆ. ನಮ್ಮ ಫ್ರೆಂಚಿನಲ್ಲಿ ಅಂಥ ದಿಣ್ಣೆಗೆ ‘ಕಾಓ’ ಎನ್ನುತ್ತೇವೆ. ಜನವರಿಯಲ್ಲಿ ನನ್ನ ಹೆಂಡತಿಯನ್ನು ಆ ದಾರಿಯಲ್ಲಿ ಕೊನೆಯ ಸಲ ಒಯ್ದಾಗ, ಒಂದೊಂದು ಕಾಓ ಬಂದಾಗಲೂ ಅವಳಿದ್ದ ಪೆಟ್ಟಿಗೆ ಎದ್ದು ಬೀಳುತ್ತಿತ್ತು. ಎಂಬತ್ತನಾಲ್ಕು ಸಲ. ಅರ್ಜಿಯಲ್ಲಿ ನಾನು ಅಂಕಿಯನ್ನು ಮಾತ್ರ ಬರೆದೆ.

ಮಂಡಳಿಯ ಭಾಷಾಂತರಕಾರರು ಫ್ರೆಂಚನ್ನು ಕಿವಿಯಿಂದ ಕಲಿತವರು. ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಅದೇ ಸದ್ದಿನ ‘ಕೇಯಾಸ್’ ಎಂಬ ಪದವಿದೆ. ಅದಕ್ಕೆ ಅರಾಜಕತೆ ಎಂದರ್ಥ. ಹೀಗಾಗಿ ನನ್ನ ಅರ್ಜಿಯನ್ನು ಮಂಡಳಿಯ ಮುಂದೆ ಓದಿದ್ದು ಹೀಗೆ: “ಗೊದೆಲೀನ್ ಮತ್ತು ಚರ್ಚಿನ ನಡುವೆ ಎಂಬತ್ತನಾಲ್ಕು ಅರಾಜಕತೆಗಳಿದ್ದು, ಸರ್ಕಾರವು ದಯಮಾಡಿ ಅವುಗಳನ್ನು ನೆಲಸಮ ಮಾಡಬೇಕಾಗಿ ವಿನಂತಿ.”

ಇಷ್ಟು ಪ್ರಾಮಾಣಿಕವಾದ ತಪ್ಪೊಪ್ಪಿಗೆ ಪ್ರಾಂತ್ಯದ ಯಾವ ಮೂಲೆಯಿಂದಲೂ ಬಂದಿರಲಿಲ್ಲ. ಮಂಡಳಿ ಪಿಲ್ಬ್ರೋ ಎಂಬ ತನಿಖಾಧಿಕಾರಿಯನ್ನು ಹನ್ನೆರಡು ಸಿಪಾಯಿಗಳೊಂದಿಗೆ ಕಳಿಸಿತು. ಅವರು ಎತ್ತರದ ಸರ್ಕಾರಿ ಜಾರುಬಂಡಿಯಲ್ಲಿ ಬಂದಿಳಿದರು. ನಮ್ಮ ಭಾಷೆಯನ್ನು ಅವರು ಪುಸ್ತಕದಿಂದ ಕಲಿತಿದ್ದರು.

“ಅರಾಜಕತೆಯು ಎಲ್ಲಿರುವುದು?” ಎಂದು ಕೇಳಿದರು. ನಮ್ಮ ಕಿವಿಗೆ ಅದು ‘ಕಾಓ’ ಎಂದೇ ಬಿತ್ತು.

ಬಂಡಿ ಮಾಡುವ ಬಡಗಿ ಜೆಫಿರಿನ್ ಟೊಪ್ಪಿಗೆ ತೆಗೆದು ಹೇಳಿದ: “ಈಗ ತಾನೇ ಹತ್ತಿ ಇಳಿದು ಬಂದ್ರಲ್ಲ ಸ್ವಾಮಿ! ಸೊಂಟ ಹೇಗಿದೆ?”

ಪಿಲ್ಬ್ರೋ ಸಾಹೇಬರು ಮರುದಿನ ದಾರಿಯುದ್ದಕ್ಕೂ ನಡೆದು ತಪಾಸಣೆ ಮಾಡಿದರು. ವರದಿಯಲ್ಲಿ, “ಎಂಬತ್ತನಾಲ್ಕೂ ಸ್ಥಳದಲ್ಲಿಯೇ ಕಂಡುಬಂದವು. ಶರಣಾಗಲು ಆಜ್ಞಾಪಿಸಲಾಯಿತು. ಶರಣಾಗಲಿಲ್ಲ,” ಎಂದು ಬರೆದರು.

ಹದಿನೈದು ದಿನಗಳಲ್ಲಿ ಸುಗ್ರೀವಾಜ್ಞೆ ಹೊರಟಿತು. ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ನಿಂತು ಡಂಗುರದವನು ಓದಿದ. ಅರಾಜಕತೆಗಳಿಗೆ ತಗ್ಗಿನ ಬಂಡಿಗಳೇ ಕಾರಣವೆಂದು ಸಾಬೀತಾಗಿರುವುದರಿಂದ ಅವುಗಳ ಸಂಚಾರವನ್ನು ನಿಷೇಧಿಸಲಾಗಿದೆ. ಎತ್ತರದ ಬಂಡಿಯಲ್ಲಿ ರಸ್ತೆ ಮೇಲ್ವಿಚಾರಕರು ಮಾತ್ರ ಸಂಚರಿಸಬಹುದು. ಗೊದೆಲೀನ್‌ಗೆ ಒಬ್ಬ ಮೇಲ್ವಿಚಾರಕರನ್ನು ನೇಮಿಸಲಾಗುವುದು. ಅಭ್ಯರ್ಥಿಯು ದಂಗೆಯಲ್ಲಿ ಭಾಗವಹಿಸಿರಬಾರದು ಮತ್ತು ರಾಣಿಯವರಿಗೆ ನಿಷ್ಠೆಯ ಪ್ರಮಾಣ ಮಾಡಬೇಕು.

ಅಭ್ಯರ್ಥಿಗಳು ಯಾರೂ ಬರಲಿಲ್ಲ. ಹಳ್ಳಿಯಲ್ಲಿದ್ದ ಬಂಡಿಗಳೆಲ್ಲ ತಗ್ಗಿನವೇ ಆದ್ದರಿಂದ ಯಾರೂ ಎಲ್ಲಿಗೂ ಹೋಗಲಿಲ್ಲ. ಶಾಂತಿ ನೆಲೆಸಿದೆಯೆಂದು ಮಂಡಳಿ ದಾಖಲಿಸಿತು.

ಫೆಬ್ರವರಿಯ ಕೊನೆಗೆ ನಮ್ಮೂರಿನ ಒನೆಸಿಮ್ ತೀರಿಕೊಂಡ. ಅರವತ್ತೆಂಟು ವರ್ಷ, ಮಂಡಿನೋವು, ಕೊನೆಗೆ ಜ್ವರ. ಅವನ ಹೆಂಡತಿ ಯೂಫ್ರೋಸಿನ್ ಪೆಟ್ಟಿಗೆಯನ್ನು ಕೊಟ್ಟಿಗೆಯಲ್ಲಿಟ್ಟು ಆರು ದಿನ ಕಾದಳು. ಏಳನೆಯ ದಿನ ನನ್ನನ್ನೂ ಜೆಫಿರಿನ್‌ನನ್ನೂ ಕರೆದುಕೊಂಡು ಪಿಲ್ಬ್ರೋ ಸಾಹೇಬರ ಬಿಡಾರಕ್ಕೆ ಹೋದಳು.

“ಸ್ವಾಮಿ, ನಮ್ಮ ಯಜಮಾನರನ್ನ ಚರ್ಚಿಗೆ ಸೇರಿಸ್ಬೇಕು. ಪಾದ್ರಿಗಳು ಕಾಯ್ತಾ ಇದ್ದಾರೆ. ಹಸು ಪಕ್ಕದಲ್ಲಿ ಮಲಗ್ಸಿದ್ದೀನಿ. ಮಂತ್ರ ಇಲ್ಲ, ಗಂಟೆ ಇಲ್ಲ. ನಲವತ್ತು ವರ್ಷ ಸಂಸಾರ ಮಾಡಿದೋರು ಸ್ವಾಮಿ, ಹಿಂಗೆ ಬಿಡಕ್ಕಾಗುತ್ತಾ?”

“ಅವರು ಯಾವ ಬಂಡಿಯಲ್ಲಿ ಪ್ರಯಾಣಿಸಲು ಇಚ್ಛಿಸುವರು?”

“ಅವ್ರ ಇಚ್ಛೆ ಏನೂ ಇಲ್ಲ. ನಮ್ಮ ಹತ್ರ ಇರೋದು ತಗ್ಗಿನ ಬಂಡಿ.”

“ನಿಷೇಧವಿದೆ.”

“ಹಾಗಾದ್ರೆ ನಿಮ್ಮ ಬಂಡಿ ಕೊಡಿ.”

“ಅದು ಮೇಲ್ವಿಚಾರಕರಿಗೆ ಮೀಸಲು. ಮೇಲ್ವಿಚಾರಕರು ಇಲ್ಲ.”

ಜೆಫಿರಿನ್‌ಗೆ ಸಿಟ್ಟು ಬಂದರೆ ತಮಾಷೆ ಬರುತ್ತದೆ. “ಒನೆಸಿಮಣ್ಣನನ್ನೇ ಮಾಡ್ಬಿಡಿ ಸ್ವಾಮಿ,” ಎಂದ. “ನಿಮಗೆ ಅಷ್ಟು ತಣ್ಣಗಿರೋ ಮನುಷ್ಯ ಈ ಊರಲ್ಲಿ ಇನ್ನೊಬ್ಬ ಸಿಗಲ್ಲ.”

ನಾನು ಅವನ ತೋಳು ಹಿಡಿದೆ. ಆದರೆ ಪಿಲ್ಬ್ರೋ ಸಾಹೇಬರು ಆಗಲೇ ಸುಗ್ರೀವಾಜ್ಞೆಯ ಪ್ರತಿ ತೆಗೆದು ಓದುತ್ತಿದ್ದರು. ಎರಡು ಸಲ ಓದಿದರು.

“ಮೃತರು ಅನರ್ಹರೆಂದು ಇದರಲ್ಲಿ ಹೇಳಿಲ್ಲ,” ಎಂದರು. “ದಂಗೆಯಲ್ಲಿ ಭಾಗವಹಿಸಿದ್ದರೇ?”

“ದಂಗೆ ಆಗಿದ್ದು ನವೆಂಬರಲ್ಲಿ,” ಎಂದಳು ಯೂಫ್ರೋಸಿನ್. “ನವೆಂಬರ್ ಬಂತು ಅಂದ್ರೆ ಇವ್ರು ಹಾಸಿಗೆ ಬಿಟ್ಟು ಏಳೋರೇ ಅಲ್ಲ. ಮಂಡಿ ಹಿಡ್ಕೊಂಡ್ಬಿಡೋದು. ಹುಡುಗರು ಬಾಗಿಲಿಗೆ ಬಂದು ಕೋವಿ ಹಿಡ್ಕೊಂಡು ಕರೆದ್ರು. ‘ಹಿಮ ಕರಗಲಿ, ಬರ್ತೀನಿ’ ಅಂದ್ರು.”

ಸಾಹೇಬರು ಅದನ್ನು ಅಕ್ಷರಶಃ ಬರೆದುಕೊಂಡರು.

ಪ್ರಮಾಣವಚನ ಕೊಟ್ಟಿಗೆಯಲ್ಲಿ ನಡೆಯಿತು. ಮುಚ್ಚಳ ತೆರೆದು ಬೈಬಲ್ಲನ್ನು ಒನೆಸಿಮ್‌ನ ಎದೆಯ ಮೇಲಿಟ್ಟರು. ಕೈಗಳನ್ನು ಮೊದಲೇ ಜೋಡಿಸಿದ್ದರಿಂದ ತೊಂದರೆಯಾಗಲಿಲ್ಲ. ನಿಷ್ಠೆಯ ವಾಕ್ಯಗಳನ್ನು ಸಾಹೇಬರು ಮೂರು ಸಲ ಓದಿ, ಪ್ರತಿ ಸಲವೂ ಗಡಿಯಾರ ನೋಡಿ ಒಂದು ನಿಮಿಷ ಕಾದರು. ಹಸು ಒಮ್ಮೆ ಕೆಮ್ಮಿತು. ಅದನ್ನು ಪರಿಗಣಿಸಲಿಲ್ಲ.

ಮಂಡಳಿಯ ಆದೇಶ ಐದನೆಯ ದಿನ ಬಂತು: “ಅಭ್ಯರ್ಥಿಯು ಪ್ರಮಾಣಕ್ಕೆ ಯಾವುದೇ ಆಕ್ಷೇಪ ಎತ್ತದಿರುವುದರಿಂದ ನೇಮಕವನ್ನು ಅನುಮೋದಿಸಲಾಗಿದೆ. ಮಂಡಳಿಯ ಸದಸ್ಯರನ್ನೂ ಇದೇ ಮಾನದಂಡದಿಂದ ಆರಿಸಲಾಗಿದೆಯೆಂದು ಈ ಸಂದರ್ಭದಲ್ಲಿ ಸ್ಮರಿಸಲಾಯಿತು.”

ರಸ್ತೆ ಮೇಲ್ವಿಚಾರಕ ಒನೆಸಿಮ್ ಎತ್ತರದ ಬಂಡಿಯಲ್ಲಿ, ಇಬ್ಬರು ಸಿಪಾಯಿಗಳ ಕಾವಲಿನಲ್ಲಿ ಚರ್ಚಿಗೆ ಹೋದ. ಊರವರು ಹಿಂದೆ ನಡೆದರು. ಬಂಡಿ ಎತ್ತರದ್ದಾದರೂ ದಿಣ್ಣೆಗಳು ಹಳೆಯವೇ. ಪೆಟ್ಟಿಗೆ ಎದ್ದು ಬಿದ್ದಾಗಲೆಲ್ಲ ಯೂಫ್ರೋಸಿನ್ ಅದರ ಮೇಲೆ ಕೈಯಿಟ್ಟು, “ನಿಧಾನ ರೀ,” ಎನ್ನುತ್ತಿದ್ದಳು. ನಾನು ಎಣಿಸಬಾರದೆಂದುಕೊಂಡಿದ್ದೆ. ಎಂಬತ್ತನಾಲ್ಕು.

ಪಾದ್ರಿಗಳು ಮಂತ್ರ ಹೇಳಿದರು, ಗಂಟೆ ಮೊಳಗಿತು. ನೆಲ ಕಲ್ಲಾಗಿದ್ದರಿಂದ ಪೆಟ್ಟಿಗೆಯನ್ನು ವಾಡಿಕೆಯಂತೆ ಚರ್ಚಿನ ಹಿಂದಿನ ಕಲ್ಲಿನ ಕೋಣೆಯಲ್ಲಿ, ಆ ಚಳಿಗಾಲದ ಉಳಿದ ಪೆಟ್ಟಿಗೆಗಳ ಜೊತೆ ಇಟ್ಟರು. ನನಗೆ ಪರಿಚಯದ ಪೆಟ್ಟಿಗೆಯ ಪಕ್ಕದಲ್ಲೇ ಜಾಗವಿತ್ತು.

ಏಪ್ರಿಲ್‌ನಲ್ಲಿ ಹಿಮ ಕರಗಿತು. ಕಾಓಗಳೂ ಕರಗಿದವು. ಪಿಲ್ಬ್ರೋ ಸಾಹೇಬರು ದಾರಿಯನ್ನು ಮತ್ತೆ ನಡೆದು ನೋಡಿ ವರದಿ ಕಳಿಸಿದರು: ನೂತನ ಮೇಲ್ವಿಚಾರಕರ ಅವಧಿಯಲ್ಲಿ ಎಂಬತ್ತನಾಲ್ಕೂ ಅರಾಜಕತೆಗಳು ರಕ್ತಪಾತವಿಲ್ಲದೆ ನಿರ್ಮೂಲವಾಗಿವೆ. ಮಂಡಳಿ ಅಭಿನಂದನಾ ನಿರ್ಣಯ ಮಾಡಿ, ಮೇಲ್ವಿಚಾರಕರ ಸೇವೆಯನ್ನು ಅನಿರ್ದಿಷ್ಟ ಕಾಲ ಮುಂದುವರಿಸಿತು.

ಮೇ ತಿಂಗಳಲ್ಲಿ ಗುಂಡಿ ತೋಡುವವರು ಬಂದರು. ಸಾಹೇಬರು ಒನೆಸಿಮ್‌ನ ಪೆಟ್ಟಿಗೆಯನ್ನು ತಡೆದರು. ಹುದ್ದೆಯಲ್ಲಿರುವವರು ರಾಜೀನಾಮೆ ಕೊಡದೆ ಕರ್ತವ್ಯದ ಸ್ಥಳ ಬಿಡುವಂತಿಲ್ಲ. ರಾಜೀನಾಮೆಗೆ ಸಹಿ ಬೇಕು.

“ರಜೆ ಇಲ್ವಾ ಸ್ವಾಮಿ?” ಎಂದಳು ಯೂಫ್ರೋಸಿನ್. “ಸರ್ಕಾರಿ ಕೆಲ್ಸ ಅಂದ್ಮೇಲೆ ರಜೆ ಇರ್ಬೇಕಲ್ಲ!”

ರಜೆಗೆ ಅವಕಾಶವಿತ್ತು. ಹಿಮವಿಲ್ಲದ ಕಾಲದಲ್ಲಿ ರಸ್ತೆ ಮೇಲ್ವಿಚಾರಕರಿಗೆ ಕೆಲಸವೂ ಇರಲಿಲ್ಲ. ಮೊದಲ ಹಿಮ ಬೀಳುವವರೆಗೆ ರಜೆ ಮಂಜೂರಾಗಿ ಅಂದೇ ಅವನನ್ನು ಮಣ್ಣು ಮಾಡಿದರು. ಶಿಲುಬೆಯ ಮೇಲೆ ಹೆಸರು, ಇಸವಿ, ಕೆಳಗೆ ‘ರಜೆಯ ಮೇಲೆ’ ಎಂದು ಕೆತ್ತಬೇಕೆಂಬ ಷರತ್ತಿತ್ತು. ಜೆಫಿರಿನ್ ಅಂದವಾಗಿ ಕೆತ್ತಿದ. ಕಾಗುಣಿತವನ್ನು ನಾನು ನೋಡಿಕೊಟ್ಟೆ.

ಈಗ ಪ್ರತಿ ನವೆಂಬರ್, ಮೊದಲ ಹಿಮ ಬಿದ್ದ ಭಾನುವಾರ, ಡಂಗುರದವನು ಚರ್ಚಿನ ಬಾಗಿಲಲ್ಲಿ ನಿಂತು ಒನೆಸಿಮ್‌ನನ್ನು ಕೆಲಸಕ್ಕೆ ಹಾಜರಾಗಲು ಮೂರು ಸಲ ಕೂಗುತ್ತಾನೆ. ಊರೆಲ್ಲ ಟೊಪ್ಪಿಗೆ ತೆಗೆದು ನಿಂತು ಕೇಳುತ್ತದೆ. ಉತ್ತರ ಬಾರದಿದ್ದಾಗ, “ಆಕ್ಷೇಪವಿಲ್ಲ,” ಎಂದು ಬರೆದುಕೊಂಡು ರಜೆಯನ್ನು ವಿಸ್ತರಿಸುತ್ತಾರೆ.

ಹೋದ ಸಲ ಯೂಫ್ರೋಸಿನ್ ನನ್ನ ಪಕ್ಕದಲ್ಲಿ ನಿಂತಿದ್ದಳು. ಮೂರನೆಯ ಕೂಗು ಮುಗಿದ ಮೇಲೆ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು.

“ಎಲ್ಲಿ ಏಳ್ತಾರೆ ಮಾಸ್ತರೇ,” ಎಂದಳು. “ನವೆಂಬರ್ ಅಲ್ವಾ.”