ಎರಡನೇ ಆರೋಪಿ

ಹಾಜರಪ್ಪ ಕೇಳಿದ್ದು ಒಂದೇ ಒಂದು ಪ್ರಶ್ನೆ. ಅದನ್ನು ಕೇಳದೆ, ಬಾಯಿ ಮುಚ್ಚಿಕೊಂಡು ಕುರ್ಚಿ ಜೋಡಿಸಿದ್ದರೆ ಆ ದಿನ ಅವನ ಪಾಲಿಗೂ ಎಲ್ಲ ದಿನಗಳಂತೆಯೇ ಕಳೆದುಹೋಗುತ್ತಿತ್ತು.

ಹಾಜರಪ್ಪ ಎನ್ನುವುದು ಅವನ ಹೆಸರಲ್ಲ. ಕೋರ್ಟಿನ ಬಾಗಿಲಲ್ಲಿ ನಿಂತು ಕೇಸಿನವರ ಹೆಸರನ್ನು ಮೂರು ಮೂರು ಸಲ ಕೂಗಿ, ‘ಹಾಜರಿದ್ದಾರಾ?’ ಎಂದು ಕೇಳುವುದು ಅವನ ಕೆಲಸ. ಕೂಗಿ ಕೂಗಿ ಕೆಲಸವೇ ಹೆಸರಾಗಿ ಅಂಟಿಕೊಂಡಿತ್ತು.

ಆ ಸಂಜೆ ಚರ್ಚಿನ ಸಭಾಂಗಣದಲ್ಲಿ ನಾಟಕ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸೊಬ್ಬಳನ್ನು ಜನ ಯೇಸುವಿನ ಮುಂದೆ ಎಳೆದು ತಂದು, ಇವಳನ್ನು ಕಲ್ಲೆಸೆದು ಕೊಲ್ಲಬೇಕೆಂದು ಹಟ ಹಿಡಿಯುವ ಪ್ರಸಂಗ. ಪಾಪ ಮಾಡದವನು ಯಾರಿದ್ದಾನೋ ಅವನೇ ಮೊದಲು ಎಸೆಯಲಿ ಎಂದು ಯೇಸು ಹೇಳಿದ ಕೂಡಲೇ ಎಲ್ಲರೂ ಕಲ್ಲು ಕೆಳಗೆ ಹಾಕಿ ಜಾರಿಕೊಳ್ಳುತ್ತಾರೆ. ಆಡಿಸುತ್ತಿದ್ದವರು ಸಂಡೇಸ್ಕೂಲ್ ಟೀಚರಮ್ಮ, ತಲೆ ಪೂರ್ತಿ ನರೆತ ವಿಧವೆ. ಆ ಹೆಂಗಸಿನ ಪಾತ್ರಕ್ಕೆ ಯಾರೂ ಮುಂದೆ ಬಾರದ್ದರಿಂದ ತಾವೇ ಟೊಂಕ ಕಟ್ಟಿದ್ದರು. ಕಲ್ಲೆಸೆಯುವ ಪಾತ್ರಕ್ಕೆ ಮಾತ್ರ ಗಂಡಸರ ನೂಕುನುಗ್ಗಲು. ದರ್ಜಿ, ಬೇಕರಿಯವನು, ಔಷಧಿ ಅಂಗಡಿಯವನು, ಎಲ್ಲರೂ ಬೆಳಿಗ್ಗೆಯೇ ಬಂದು ರಟ್ಟಿನ ಕಲ್ಲು ಹಿಡಿದು ಹಲ್ಲು ಕಡಿಯುವುದನ್ನು ಅಭ್ಯಾಸ ಮಾಡುತ್ತಿದ್ದರು.

ಆಗಲೇ ಹಾಜರಪ್ಪ ಕೈಯಲ್ಲಿದ್ದ ಕುರ್ಚಿ ಇಳಿಸಿ ಕೇಳಿದ್ದು: “ಟೀಚರ್, ಈ ಕೇಸಲ್ಲಿ ಎರಡನೇ ಆರೋಪಿ ಎಲ್ಲಿ?”

“ಯಾರಪ್ಪ ಅದು?”

“ಗಂಡಸು. ಈ ತಪ್ಪು ಒಬ್ರೇ ಮಾಡೋಕಾಗಲ್ವಲ್ಲ. ನಮ್ಮ ಕೋರ್ಟಲ್ಲಾಗಿದ್ರೆ ಇಬ್ಬರ ಹೆಸರೂ ಕೂಗ್ತಿದ್ದೆ.”

ಕಲ್ಲು ಹಿಡಿದವರೆಲ್ಲ ಚಾವಣಿ ನೋಡತೊಡಗಿದರು. “ಓಡಿಹೋಗಿರ್ತಾನೆ ಬಿಡಯ್ಯ,” ಎಂದ ದರ್ಜಿ, ಓಡಿಹೋದವನು ತನಗೆ ಬೇಕಾದವನೇನೋ ಎಂಬಂತೆ.

ಟೀಚರಮ್ಮನ ಕಣ್ಣು ಮಾತ್ರ ಹೊಳೆಯಿತು. “ಇಷ್ಟು ವರ್ಷ ಮಕ್ಕಳಿಗೆ ಈ ಪಾಠ ಹೇಳ್ಕೊಟ್ಟೆ, ನಂಗೆ ಇದು ಹೊಳೀಲೇ ಇಲ್ಲ ನೋಡಿ! ಅವನನ್ನೂ ಎಳ್ಕೊಂಡು ಬರೋಣ. ಮಾತಿಲ್ಲ, ಕತೆಯಿಲ್ಲ, ನನ್ನ ಪಕ್ಕ ತಲೆ ತಗ್ಗಿಸಿ ನಿಂತ್ರೆ ಸಾಕು. ಯಾರು ನಿಲ್ತೀರಿ?”

ಬೇಕರಿಯವನಿಗೆ ಓವನ್ ನೆನಪಾಯಿತು. ದರ್ಜಿಗೆ ಬೆನ್ನು ಹಿಡಿಯಿತು. ಔಷಧಿ ಅಂಗಡಿಯವನು ಕೆಮ್ಮತೊಡಗಿದ.

“ಕೇಳಿದೋರು ನೀವು, ನೀವೇ ನಿಲ್ಲಿ,” ಎಂದರು ಟೀಚರಮ್ಮ.

“ಆಯ್ತು ಟೀಚರ್,” ಎಂದ ಹಾಜರಪ್ಪ. ಒಮ್ಮೆ ಒಪ್ಪಿದರೆ ಹಿಂದೆ ಸರಿಯುವ ಜಾಯಮಾನ ಅವನದಲ್ಲ.

ಸುದ್ದಿಗೆ ಕಾಲಿಲ್ಲದಿದ್ದರೂ ದರ್ಜಿಗೆ ಸೈಕಲ್ಲಿತ್ತು. ಹಾಜರಪ್ಪ ತಿಂಡಿಗೆಂದು ಮನೆ ತಲುಪುವಷ್ಟರಲ್ಲಿ ಹೆಂಡತಿ ಹೊಸ್ತಿಲಲ್ಲೇ ನಿಂತಿದ್ದಳು.

“ಅಷ್ಟೊಂದು ಜನ ಗಂಡಸರಿದ್ರು. ಆ ಗಂಡಸಿನ ಯೋಚನೆ ನಿಮಗೊಬ್ಬರಿಗೇ ಯಾಕ್ರೀ ಬಂತು?”

“ನ್ಯಾಯವಾಗಿ ಕೇಳಿದೆ ಕಣೇ.”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಇಲ್ಲಿ ಯಾರೂ ಕಳ್ಳ ಅಂತ ಕೂಡ ಅಂದಿರಲಿಲ್ಲ!”

ಸಂಜೆಗೆ ಮೈಮೇಲೆ ಹೊದೆಯಲು ಹಳೆಯ ಹೊದಿಕೆಯೊಂದನ್ನು ಕೇಳೋಣವೆಂದುಕೊಂಡಿದ್ದ. ಅವನು ಬಾಯಿ ತೆರೆಯುವ ಮೊದಲೇ ಅವಳೆಂದಳು: “ನನ್ನ ಮನೇದು ಒಂದು ನೂಲು ಕೂಡ ಆ ಪಾತ್ರಕ್ಕೆ ಹೋಗಬಾರದು, ಹೇಳಿದೀನಿ.”

ಕೋರ್ಟಿನಲ್ಲಿ ಟೈಪಿಸ್ಟ್ ಕೀಲಿಮಣೆಯಿಂದ ಕಣ್ಣೆತ್ತದೆಯೇ ಕೇಳಿದ: “ಮಾತಿಲ್ಲದ ಪಾತ್ರ ಅಂತೆ. ಅಭ್ಯಾಸ ಎಷ್ಟು ದಿನದಿಂದ?” ವಕೀಲರ ಕೋಣೆಯಿಂದ ಒಬ್ಬರು ಹೊರಗೆ ಬಂದು, ಬೇಕಾದರೆ ಜಾಮೀನು ತಾವೇ ಕೊಡುವುದಾಗಿ ಹೇಳಿ ನಕ್ಕು ಹೋದರು.

ಊಟದ ಹೊತ್ತಿಗೆ ಭಾವಮೈದ ಬಂದು ವರಾಂಡದ ಬೆಂಚಿನ ಮೇಲೆ ಕೂತ. ಲಾರಿ ಓಡಿಸುವ ಆಳು, ಬೆಂಚು ನರಳಿತು.

“ಭಾವ, ನಾವು ಮರ್ಯಾದಸ್ಥರು. ಏನಿದ್ರೂ ನನ್ನ ಕಿವೀಲಿ ಹೇಳಿಬಿಡಿ. ಸ್ಟೇಜ್ ಮೇಲೆ ಹೋಗಿ ಯಾಕೆ ಹೇಳ್ಕೋತೀರಿ?”

“ಏನೂ ಇಲ್ಲವೋ ಮಾರಾಯ!”

“ಏನೂ ಇಲ್ದಿದ್ರೆ ಬೇಡ ಅಂತ ಬಿಟ್ಟುಬಿಡಿ. ಅಕ್ಕ ಬ್ಯಾಗಿಗೆ ಬಟ್ಟೆ ತುಂಬ್ತಾ ಇದ್ದಾಳೆ.”

ಹಾಜರಪ್ಪ ಅಲುಗಾಡಿದ. ನ್ಯಾಯ ದೊಡ್ಡದೇ, ಆದರೆ ಮನೆಗೆ ಹೋದರೆ ಬಾಗಿಲು ತೆಗೆಯುವವರೂ ಇರಬೇಕಲ್ಲ. ಟೀಚರಮ್ಮನಿಗೆ ಆಗುವುದಿಲ್ಲವೆಂದು ಹೇಳಿಬಿಡೋಣವೆಂದು ಫೋನ್ ತೆಗೆದ. ಅಷ್ಟರಲ್ಲಿ ಒಳಗೆ ಗಂಟೆಯಾಯಿತು.

ಲಾಡ್ಜಿನ ಕೇಸು. ಪೊಲೀಸರು ಒಂದು ಕೋಣೆಯಲ್ಲಿ ಒಟ್ಟಿಗೆ ಹಿಡಿದಿದ್ದ ಗಂಡಸು ಹೆಂಗಸು. ಹೆಂಗಸಿನ ಹೆಸರು ಕೂಗಿದ. ಬಂದು ಕಟಕಟೆಯಲ್ಲಿ ನಿಂತಳು. ಗಂಡಸಿನ ಹೆಸರು ಕೂಗಿದ. ಉತ್ತರವಿಲ್ಲ. ಎರಡನೇ ಸಲ ಕೂಗಿದ. ಆಕೆ ಬಾಗಿಲ ಕಡೆ ನೋಡಿದಳು. ಮೂರನೇ ಸಲ ಹಾಜರಪ್ಪ ಗಂಟಲು ಹರಿಯುವಂತೆ ಕೂಗಿದ. ಮರದ ಮೇಲಿನ ಕಾಗೆಗಳು ಎದ್ದು ಹಾರಿದವು, ಅವನು ಬರಲಿಲ್ಲ. ಅವನಿಗೆ ಹೊಟ್ಟೆನೋವೆಂದು ಅವನ ವಕೀಲರು ಹೇಳಿದರು. ಆಕೆ ಬೇಲಿಗೆ ಸಿಕ್ಕಿಬಿದ್ದ ಬಟ್ಟೆಯಂತೆ ಒಬ್ಬಳೇ ನಿಂತಿದ್ದಳು.

ಹಾಜರಪ್ಪ ಫೋನನ್ನು ಜೇಬಿಗೆ ಹಾಕಿದ. ಬಂದೇ ಬರುತ್ತೇನೆ, ಹೊಟ್ಟೆನೋವಾದರೂ ಬರುತ್ತೇನೆ ಎಂದು ಹೇಳಿಕೊಂಡ.

ಸಂಜೆ ಪಾದ್ರಿಗಳು ಪರದೆಯ ಹಿಂದೆ ಅವನ ಕೈ ಹಿಡಿದರು. “ಬೇಡಪ್ಪ. ಸಭೆಯಲ್ಲಿ ಏನೇನೋ ಮಾತು. ಅದೂ ಅಲ್ದೆ, ಆ ಗಂಡಸು ಸತ್ಯವೇದದಲ್ಲೇ ಇಲ್ವಲ್ಲ.”

“ಇಲ್ಲ ಅಂತಲೇ ಅಯ್ಯನವರೇ, ನಾನು ಬಂದಿರೋದು.”

ಪಾದ್ರಿಗಳು ಅವನ ಕೈ ಬಿಟ್ಟು ಹೋಗಿ ಮುಂದಿನ ಸಾಲಿನಲ್ಲಿ ಕೂತರು.

ಟೀಚರಮ್ಮ ಕೊಟ್ಟ ಕಿಟಕಿ ಪರದೆ ಸುತ್ತಿಕೊಂಡು ಹಾಜರಪ್ಪ ವೇದಿಕೆಗೆ ಬಂದ. ದರ್ಜಿ ಕತ್ತು ಹಿಡಿದು ದೂಡಿದ ರಭಸದಿಂದಲೇ ಅವನ ಬೆನ್ನುನೋವು ವಾಸಿಯಾಗಿರುವುದು ಗೊತ್ತಾಯಿತು. ಮೊಣಕಾಲೂರಿ ಕೂತಿದ್ದ ಟೀಚರಮ್ಮನ ಪಕ್ಕ ಹಾಜರಪ್ಪ ನಿಂತ. ಆರೋಪಿಗಳು ಹೇಗೆ ನಿಲ್ಲುತ್ತಾರೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೈ ಎಲ್ಲಿಡುವುದೆಂದು ತಿಳಿಯದೆ ಪರದೆಯ ಅಂಚು ತಿರುಚಿದ. ಒಮ್ಮೆ ಬಾಗಿಲ ಕಡೆ ನೋಡಿದ. ಮಧ್ಯಾಹ್ನದ ಆ ಹೆಂಗಸು ಕಣ್ಣಮುಂದೆ ಬಂದಳು. ಅವಳ ಪಕ್ಕ ನಿಲ್ಲಬೇಕಾಗಿದ್ದವನ ನಾಚಿಕೆಯೆಲ್ಲ ತನ್ನದೇ ಆದಂತೆ ಕಣ್ಣಲ್ಲಿ ನೀರು ಬಂತು, ಅವನೂ ಮೊಣಕಾಲೂರಿದ.

ಗಡ್ಡ ಬಿಟ್ಟಿದ್ದಕ್ಕಾಗಿ ಯೇಸುವಿನ ಪಾತ್ರ ಸಿಕ್ಕಿದ್ದ ಪೋಸ್ಟ್‌ಮ್ಯಾನ್ ತನ್ನ ಮಾತು ಹೇಳಿದ. ರಟ್ಟಿನ ಕಲ್ಲುಗಳು ಒಂದೊಂದಾಗಿ ಬಿದ್ದವು. ಪೋಸ್ಟ್‌ಮ್ಯಾನ್ ಮೊದಲು ಟೀಚರಮ್ಮನನ್ನು, ಆಮೇಲೆ ಹಾಜರಪ್ಪನನ್ನು ಎಬ್ಬಿಸಿ, ನಾನೂ ನಿಮ್ಮನ್ನು ಶಿಕ್ಷಿಸುವುದಿಲ್ಲ, ಹೋಗಿ ನೆಟ್ಟಗೆ ಬಾಳಿ ಎಂದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಗೆದ್ದೆನೆಂದುಕೊಂಡು ಹಾಜರಪ್ಪ ಕೆಳಗಿಳಿದ. ದರ್ಜಿ ಓಡಿಬಂದು ತಬ್ಬಿಕೊಂಡ. “ಎಂಥ ಗುಂಡಿಗೆ ನಿಂದು! ಎಲ್ಲರ ಮುಂದೆ ಒಪ್ಕೊಂಡುಬಿಟ್ಟೆ!”

“ನಾಟಕ ಕಣಯ್ಯ!”

“ಹಂಗೇ ಇಟ್ಕೊಳ್ಳೋಣ,” ಎಂದು ದರ್ಜಿ ಕಣ್ಣೊರೆಸಿಕೊಂಡ.

ಬೇಕರಿಯವನು ಕೈ ಕುಲುಕಿ, ಹಳೆಯದೆಲ್ಲ ಮರೆತುಬಿಡುವಂತೆ ಹೇಳಿದ. ಭಾವಮೈದ ಭುಜ ತಟ್ಟಿದ. ಪಾದ್ರಿಗಳು ತಲೆಯ ಮೇಲೆ ಕೈಯಿಟ್ಟು, “ಈಗ ಮನಸ್ಸು ಹಗುರಾಯ್ತಾ ಮಗನೇ?” ಎಂದರು. ಇಡೀ ಸಭೆ ಸಾಲಾಗಿ ನಿಂತು ಅವನನ್ನು ಕ್ಷಮಿಸಿತು. ಟೀಚರಮ್ಮನ ಬಳಿ ಮಾತ್ರ ಎಲ್ಲರೂ ಹೇಳಿದ್ದು, ಪಾತ್ರ ಚೆನ್ನಾಗಿ ಮಾಡಿದಿರಿ ಎಂದಷ್ಟೇ.

ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದ ಹೆಂಡತಿ ಅವನಿಗಿಂತ ಮೊದಲೇ ಮನೆ ಸೇರಿದ್ದಳು. ತುಂಬಿದ ಬ್ಯಾಗು ಬಾಗಿಲ ಹತ್ತಿರವೇ ಇತ್ತು. ಆದರೆ ಮೇಜಿನ ಮೇಲೆ ಊಟ ಹೊಗೆಯಾಡುತ್ತಿತ್ತು. ಅವಳ ಕಣ್ಣು ಕೆಂಪಗಿತ್ತು, ದನಿ ಬೆಣ್ಣೆಯಂತಿತ್ತು. ಹಾಜರಪ್ಪನಿಗೆ ನಿಜವಾಗಿ ಹೆದರಿಕೆಯಾದದ್ದು ಆಗ.

“ಊಟ ಮಾಡಿ. ನಾನು ಕ್ಷಮಿಸಿಬಿಟ್ಟೆ.”

“ಏನು ಕ್ಷಮಿಸಿದೆ? ನಾನೇನೂ ಮಾಡಿಲ್ಲ!”

“ಯೇಸುವೇ ಕ್ಷಮಿಸಿದ ಮೇಲೆ ನಂದೇನಿದೆ?”

“ಅದು ಪೋಸ್ಟ್‌ಮ್ಯಾನ್ ಕಣೇ!”

ಅವಳ ದನಿಯ ಬೆಣ್ಣೆ ಸ್ವಲ್ಪ ಗಟ್ಟಿಯಾಯಿತು. “ನೋಡಿ, ಒಪ್ಕೊಂಡೋರಿಗೆ ಕ್ಷಮೆ. ಮಾಡೇ ಇಲ್ಲ ಅಂತ ವಾದಿಸೋರನ್ನ ನಾನು ಹೇಗೆ ಕ್ಷಮಿಸಲಿ? ಹಾಗಿದ್ರೆ ಹೇಳಿ, ಬ್ಯಾಗು ರೆಡಿ ಇದೆ.”

ಹಾಜರಪ್ಪ ಬ್ಯಾಗು ನೋಡಿದ. ಊಟ ನೋಡಿದ. ಬೆಳಗಿನಿಂದ ದರ್ಜಿಗೆ, ಟೈಪಿಸ್ಟಿಗೆ, ಭಾವಮೈದನಿಗೆ, ಪಾದ್ರಿಗಳಿಗೆ ಜಗ್ಗದ ಮನುಷ್ಯ ಕುರ್ಚಿಯಲ್ಲಿ ಕುಸಿದು ಕೂತ.

“ಆಯ್ತು ಕಣೇ. ತಪ್ಪಾಯ್ತು. ಕ್ಷಮಿಸಿದ್ದಕ್ಕೆ ದೊಡ್ಡ ಉಪಕಾರ.”

ಅವಳು ಕಣ್ಣೊರೆಸಿಕೊಂಡು ಬ್ಯಾಗನ್ನು ಒಳಗಿಟ್ಟು ಬಂದಳು. ತಟ್ಟೆಗೆ ಇನ್ನಷ್ಟು ಬಡಿಸಿದಳು. ಎದುರಿನ ಕುರ್ಚಿ ಎಳೆದು, ಕೈಕಟ್ಟಿ ಕೂತಳು.

“ಸರಿ. ಈಗ ಹೇಳಿ, ಯಾರವಳು?”